ಒಡವೆ ಒಂದೇ, ಬೆಲೆ ನಾಲ್ಕು

ಮುಂಬೈಯ ಝವೇರಿ ಬಜಾರಿನಲ್ಲಿ ಒಂದೇ ಸರವನ್ನು ಮೂರು ಅಂಗಡಿಯಲ್ಲಿ ತೋರಿಸಿ ನೋಡಿ. ಮೂರು ಬೆಲೆ ಹೇಳುತ್ತಾರೆ. ಲೋಕಲ್ ಹಿಡಿದು ಮನೆ ಸೇರುವಷ್ಟರಲ್ಲಿ ‘ಇಬ್ಬರು ಕಳ್ಳರು, ಒಬ್ಬ ಒಳ್ಳೆಯವನು’ ಎಂದು ನಾವು ತೀರ್ಪು ಕೊಟ್ಟಾಗಿರುತ್ತದೆ. ಆದರೆ ಮೂವರೂ ನಿಜವನ್ನೇ ಹೇಳಿರಬಹುದು. ಒಬ್ಬ ತಾನು ಕೊಂಡರೆ ಎಷ್ಟು ಕೊಡುತ್ತೇನೆ ಎಂದ. ಇನ್ನೊಬ್ಬ ಅಂಥದ್ದೇ ಹೊಸದು ಮಾಡಿಸಲು ಎಷ್ಟಾಗುತ್ತದೆ ಎಂದ. ಮತ್ತೊಬ್ಬ ಕರಗಿಸಿದರೆ ಉಳಿಯುವ ಚಿನ್ನದ ಲೆಕ್ಕ ಹೇಳಿದ. ಯಾವ ಬೆಲೆ ಬೇಕು ಅಂತ ನಾವು ಕೇಳಿರಲೇ ಇಲ್ಲ, ಅಲ್ವಾ?

ಮುಂಬೈಯ ಕನ್ನಡದ ಮನೆಗಳಲ್ಲಿ ಈ ಮಾತು ಈಗ ಆಗಾಗ ಬರುತ್ತಿದೆ. ಮಾಟುಂಗಾ, ಮುಲುಂಡ್, ಡೊಂಬಿವಿಲಿ ಕಡೆ ಐವತ್ತು ಅರವತ್ತು ವರ್ಷದ ಹಿಂದೆ ಬಂದು ನೆಲೆಸಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಲಾಕರಿನಲ್ಲಿ ಉಡುಪಿಯ ಪವನಿನ ಸರ ಇರುತ್ತದೆ, ಧಾರವಾಡದ ಬೋರಮಾಳ ಇರುತ್ತದೆ, ಮೈಸೂರು ಕಡೆಯ ಬೆಂಡೋಲೆ ಇರುತ್ತದೆ, ಜೊತೆಗೆ ಇಲ್ಲೇ ದಾದರಿನಲ್ಲಿ ಮಾಡಿಸಿದ ಪಾಟ್ಲಿ ಬಳೆ. ಬಿಲ್ಲು ಯಾವುದಕ್ಕೂ ಇಲ್ಲ. ಮಕ್ಕಳಲ್ಲಿ ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಲ್ಲಿ, ಒಬ್ಬರು ಅಮೆರಿಕದಲ್ಲಿ. ಯಾರಿಗೆ ಯಾವುದು ಎನ್ನುವುದಕ್ಕಿಂತ ಮೊದಲು ಯಾವುದಕ್ಕೆ ಎಷ್ಟು ಎಂಬ ಪ್ರಶ್ನೆ ಎದುರಾಗುತ್ತದೆ. ಪರಿಚಯದ ಅಂಗಡಿಗೆ ಹೋಗಿ ಸುಮ್ನೆ ತೂಕ ಹಾಕಿಸಿಕೊಂಡು ಬಂದರೆ ಸಾಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸಾಲದು.

ಯಾತಕ್ಕೆ ಎಂದು ಮೊದಲು ಹೇಳಿ

ಒಂದು ಉದಾಹರಣೆ ನೋಡೋಣ. ಕುತ್ತಿಗೆಗೆ ಹಾಕುವ ಒಂದು ಅಡ್ಡಿಕೆ, ಕಲ್ಲಿನದು. ತಕ್ಕಡಿಯಲ್ಲಿಟ್ಟರೆ 40 ಗ್ರಾಂ. ಅದರಲ್ಲಿ ಕಲ್ಲು ಮತ್ತು ಒಳಗೆ ತುಂಬಿದ ಅರಗು ಸೇರಿ 7 ಗ್ರಾಂ. ಹಾಗಾದರೆ ಚಿನ್ನ 33 ಗ್ರಾಂ. ಅದು 22 ಕ್ಯಾರೆಟ್, ಅಂದರೆ ಸಾವಿರಕ್ಕೆ 916 ಪಾಲು ಶುದ್ಧ ಚಿನ್ನ. ಲೆಕ್ಕ ಸುಲಭವಾಗಲಿ ಎಂದು ಶುದ್ಧ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದುಕೊಳ್ಳಿ. ಒಳಗಿರುವ ಚಿನ್ನದ ಬೆಲೆ ಸುಮಾರು 3.02 ಲಕ್ಷ ಆಯಿತು.

ಇನ್ಶೂರೆನ್ಸ್ ಮಾಡಿಸಬೇಕು ಎಂದರೆ ಕೇಳಬೇಕಾದ್ದು ‘ಇದು ಕಳೆದುಹೋದರೆ ಇಂಥದ್ದೇ ಮತ್ತೆ ಮಾಡಿಸಲು ಎಷ್ಟು?’ ಎಂದು. ಆಗ ಮಜೂರಿ, ಅಂದರೆ ಮಾಡುವ ಕೂಲಿ ಸೇರುತ್ತದೆ. ಶೇ. 15 ಎಂದಿಟ್ಟುಕೊಂಡರೆ 45 ಸಾವಿರ. ಕಲ್ಲಿಗೆ 20 ಸಾವಿರ. ಎಲ್ಲದರ ಮೇಲೆ ಶೇ. 3 ಜಿಎಸ್‌ಟಿ. ಒಟ್ಟು ಸುಮಾರು 3.79 ಲಕ್ಷ.

ಮಾರುತ್ತೇನೆ ಎಂದು ಹೋದರೆ ಬೇರೆಯೇ ಲೆಕ್ಕ. ಮಜೂರಿ ವಾಪಸು ಬರುವುದಿಲ್ಲ, ಕಟ್ಟಿದ ಜಿಎಸ್‌ಟಿಯಂತೂ ಬರುವುದೇ ಇಲ್ಲ. ಸಣ್ಣ ಕಲ್ಲಿಗೆ ಸಾಮಾನ್ಯವಾಗಿ ಸೊನ್ನೆ. ಹಳೆಯ ಒಡವೆಯಲ್ಲಿ ಬೆಸುಗೆ ಜಾಸ್ತಿ ಇರುವುದರಿಂದ ಕರಗಿಸಿದಾಗ 916 ಬರದೆ 900 ಬಂತು ಎನ್ನಿ. ಅದರ ಮೇಲೆ ಅಂಗಡಿಯವನು ಶೇ. 2 ಘಟ್, ಅಂದರೆ ಕರಗಿಸುವಾಗಿನ ನಷ್ಟ ಹಿಡಿದ. ಕೈಗೆ ಬರುವುದು ಸುಮಾರು 2.91 ಲಕ್ಷ. ಅದೇ ಅಡ್ಡಿಕೆ, ಅದೇ ದಿನ, ಹತ್ತಿರ ಹತ್ತಿರ 90 ಸಾವಿರದ ವ್ಯತ್ಯಾಸ. ಮೋಸ ಎಲ್ಲೂ ಇಲ್ಲ.

ಇನ್ನು ಸಾಲ. ಬ್ಯಾಂಕಿಗೆ ನಿಮ್ಮ ಕಲ್ಲೂ ಬೇಡ, ಕುಸುರಿಯೂ ಬೇಡ. ರಿಸರ್ವ್ ಬ್ಯಾಂಕಿನ 2025ರ ಜೂನ್‌ನ ನಿಯಮದ ಪ್ರಕಾರ ಚಿನ್ನಕ್ಕೆ ಮಾತ್ರ ಬೆಲೆ. ಹಿಂದಿನ 30 ದಿನದ ಸರಾಸರಿ ಮುಕ್ತಾಯ ದರ ಅಥವಾ ಹಿಂದಿನ ದಿನದ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸಾಲದ ಮೊತ್ತ ಎಷ್ಟು ಎನ್ನುವುದರ ಮೇಲೆ ಆ ಬೆಲೆಯ ಶೇ. 75ರಿಂದ 85ರವರೆಗೆ ಕೊಡಬಹುದು. ಆದ್ದರಿಂದ ‘ಬ್ಯಾಂಕಿನವರು ಇಷ್ಟೇ ಬೆಲೆ ಹಾಕಿದರು’ ಎಂದು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಅವರು ಅಳೆದದ್ದು ತಮ್ಮ ಸಾಲ ವಸೂಲಾಗುತ್ತದೋ ಇಲ್ಲವೋ ಎಂಬುದನ್ನು.

ನಾಲ್ಕನೆಯದು ಆಸ್ತಿ ಪಾಲು ಮತ್ತು ತೆರಿಗೆಗೆ ಬೇಕಾಗುವ ಬೆಲೆ. ಗೊತ್ತಿರುವ ಕೊಳ್ಳುವವನು ಮತ್ತು ಗೊತ್ತಿರುವ ಮಾರುವವನು, ಇಬ್ಬರಿಗೂ ಅವಸರವಿಲ್ಲ, ಆಗ ಯಾವ ಬೆಲೆಗೆ ಕುದುರುತ್ತದೆ? ಅದೇ ಮಾರುಕಟ್ಟೆ ಬೆಲೆ. ನಮ್ಮ ಅಡ್ಡಿಕೆಗೆ ಅದು 3.02 ಲಕ್ಷದ ಮೇಲೆ, ಕಲ್ಲು ಸೆಕೆಂಡ್‌ಹ್ಯಾಂಡ್ ಆಗಿ ಎಷ್ಟು ಬಾಳುತ್ತದೋ ಅಷ್ಟು. ಅಕ್ಕ ತಂಗಿಯರ ಪಾಲಿನಲ್ಲಿ ಒಂದು ಒಡವೆಗೆ ಇನ್ಶೂರೆನ್ಸ್ ಬೆಲೆ, ಇನ್ನೊಂದಕ್ಕೆ ಕರಗಿಸುವ ಬೆಲೆ ಹಿಡಿದರೆ ಜಗಳಕ್ಕೆ ಬೇರೆ ಕಾರಣವೇ ಬೇಡ. ಎಲ್ಲದಕ್ಕೂ ಒಂದೇ ಅಳತೆ, ಒಂದೇ ದಿನದ ದರ ಇರಬೇಕು.

ಬೆಲೆ ಕಟ್ಟುವವರು ಯಾರು?

ನನ್ನ ಪ್ರಕಾರ ಇಲ್ಲಿ ಒಂದೇ ಕಟ್ಟುನಿಟ್ಟು: ಬೆಲೆ ಹೇಳುವವನು ಕೊಳ್ಳುವವನಾಗಿರಬಾರದು. ಎಷ್ಟೇ ಒಳ್ಳೆಯ ಸರಾಫನಾದರೂ, ಮೂರು ತಲೆಮಾರಿನ ಪರಿಚಯವಾದರೂ ಸರಿ. ‘ಅಕ್ಕ, ಇದನ್ನು ನಮಗೇ ಕೊಟ್ಟುಬಿಡಿ’ ಎಂದು ಹೇಳುವ ಅವಕಾಶ ಇರುವ ಮನುಷ್ಯನ ಕಣ್ಣಿಗೆ ಕಲ್ಲಿನ ಕುಂದು ಸ್ವಲ್ಪ ಜಾಸ್ತಿಯೇ ಕಾಣುತ್ತದೆ.

ಮುಂಬೈಯಲ್ಲಿ ಮೂರು ಬಗೆಯ ಬಾಗಿಲುಗಳಿವೆ. ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ.

ಮೊದಲನೆಯದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ ಮಾನ್ಯತೆ ಇರುವ, ಒಡವೆಗೆ ಶುದ್ಧತೆಯ ಮುದ್ರೆ ಒತ್ತುವ ಹಾಲ್‌ಮಾರ್ಕಿಂಗ್ ಕೇಂದ್ರ. ಇದು ಅಂಗಡಿಯವರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ನಾವು ನೀವು ನೇರವಾಗಿ ಹೋಗಿ ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯನ್ನು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಯವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದಕ್ಕೆ 45 ರೂಪಾಯಿ, ಮೇಲೆ ತೆರಿಗೆ. ಶುದ್ಧತೆಯ ರಿಪೋರ್ಟ್ ಕೊಡುತ್ತಾರೆ. ಬೆಲೆ ಹೇಳುವುದಿಲ್ಲ, ಕೊಳ್ಳುವುದೂ ಇಲ್ಲ. ಇಷ್ಟು ಅಗ್ಗಕ್ಕೆ ಇಷ್ಟು ಉಪಯೋಗದ ಕೆಲಸ ಈ ಊರಿನಲ್ಲಿ ಇನ್ನೊಂದಿಲ್ಲ.

ಎರಡನೆಯದು ರತ್ನ ಪರೀಕ್ಷೆಯ ಲ್ಯಾಬ್. ಜಿಐಎ, ಐಜಿಐ ಲ್ಯಾಬ್‌ಗಳು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಡೆ ಇವೆ. ವಜ್ರದ ವ್ಯಾಪಾರ ಒಪೇರಾ ಹೌಸ್‌ನಿಂದ ಅಲ್ಲಿನ ಭಾರತ್ ಡೈಮಂಡ್ ಬೋರ್ಸ್‌ಗೆ ಸ್ಥಳಾಂತರವಾದದ್ದು 2010ರಲ್ಲಿ. ಜೆಮ್ಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಕೂಡ ಮುಂಬೈಯದೇ. ಇವರು ಕಲ್ಲು ಏನು, ಎಂಥದ್ದು ಎಂದು ಹೇಳುತ್ತಾರೆ. ಜಿಐಎ ರಿಪೋರ್ಟಿನಲ್ಲಿ ಬೆಲೆ ಎಂಬ ಕಾಲಮ್ಮೇ ಇರುವುದಿಲ್ಲ. ವಜ್ರದ ದರ್ಜೆ ಪತ್ರವನ್ನು ಜಿಐಎಯವರು ಬಿಡಿ ಕಲ್ಲಿಗೆ ಮಾತ್ರ ಕೊಡುತ್ತಾರೆ, ಒಡವೆಯಲ್ಲಿ ಕೂರಿಸಿದ್ದಕ್ಕೆ ಕೊಡುವುದಿಲ್ಲ. ‘ನಮ್ಮ ಉಂಗುರಕ್ಕೆ ಸರ್ಟಿಫಿಕೇಟ್ ಇದೆ, ಅಂದ್ರೆ ವ್ಯಾಲ್ಯುಯೇಶನ್ ಆಗಿದೆ’ ಎನ್ನುವುದು ಸರಿಯಲ್ಲ. ಸರ್ಟಿಫಿಕೇಟ್ ಗುಣ ಹೇಳುತ್ತದೆ, ವ್ಯಾಲ್ಯುಯೇಶನ್ ಹಣ ಹೇಳುತ್ತದೆ.

ಮೂರನೆಯದು ವ್ಯಾಲ್ಯುಯರ್. ತೆರಿಗೆ ಇಲಾಖೆಗೆ, ಕೋರ್ಟಿಗೆ ತೋರಿಸಬೇಕಾದರೆ ಸರಕಾರದಲ್ಲಿ ನೋಂದಾಯಿಸಿದ ಆಭರಣ ವ್ಯಾಲ್ಯುಯರ್ ಬೇಕು. ಈ ನೋಂದಣಿ ಹುಟ್ಟಿದ್ದು 1957ರ ವೆಲ್ತ್ ಟ್ಯಾಕ್ಸ್ ಕಾಯಿದೆಯ 34ಎಬಿ ಕಲಮಿನಿಂದ. ಆ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟರೂ ನೋಂದಣಿ ಉಳಿದುಕೊಂಡಿತು. ಆ ತೆರಿಗೆಯ ನಿಯಮಗಳಲ್ಲಿ ಆಭರಣದ ವರದಿಗೆ ಫಾರ್ಮ್ ಓ-8 ಎಂಬ ನಮೂನೆ ಇತ್ತು. ಹೋಗುವ ಮೊದಲು ನೋಂದಣಿ ಸಂಖ್ಯೆ ಕೇಳಿ, ಅದು ಆಭರಣಕ್ಕೆ ಸಂಬಂಧಿಸಿದ್ದೇ ಎಂದು ನೋಡಿ. ಕಟ್ಟಡದ ವ್ಯಾಲ್ಯುಯರ್‌ಗಳೂ ಇದೇ ಪಟ್ಟಿಯಲ್ಲಿರುತ್ತಾರೆ. ರತ್ನಶಾಸ್ತ್ರ ಓದಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಶುಲ್ಕವನ್ನೂ ಮೊದಲೇ ಮಾತಾಡಿಕೊಳ್ಳಿ. ಒಡವೆಗೆ ಇಷ್ಟು ಅಥವಾ ಗಂಟೆಗೆ ಇಷ್ಟು ಎನ್ನುವವರು ನನಗೆ ಇಷ್ಟ. ಬೆಲೆಯಲ್ಲಿ ಶೇಕಡಾ ಇಷ್ಟು ಎಂದರೆ, ಬೆಲೆ ಏರಿಸಿದಷ್ಟೂ ಅವರಿಗೇ ಲಾಭ.

ಚಿನ್ನದ ಪರೀಕ್ಷೆ

ಈಗಿನ ಒಡವೆಯಾದರೆ ಕೆಲಸ ಸುಲಭ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಮೂರು ಗುರುತು ಇರಲೇಬೇಕು: ಬಿಐಎಸ್ ತ್ರಿಕೋನ, 22ಕೆ916 ಥರದ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಯಾವುದು, ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು ಎಲ್ಲ ಬರುತ್ತದೆ. ಕೈಯಲ್ಲಿ ಬಳೆ ಇದ್ದು ಆ್ಯಪ್ ಉಂಗುರ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಎರಡು ಗ್ರಾಮಿಗಿಂತ ಕಡಿಮೆ ತೂಕದವು, ಕಲ್ಲು ಕೂರಿಸಿದ ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಅವಕ್ಕೆ ಗುರುತಿಲ್ಲ ಎಂದು ಅನುಮಾನ ಪಡಬೇಕಾಗಿಲ್ಲ.

ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಬಂದರೆ? ಕೊರತೆಯಾದ ಚಿನ್ನದ ಬೆಲೆಯ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರು ಕೊಡಬೇಕು ಎಂದು 2018ರ ಬಿಐಎಸ್ ನಿಯಮದಲ್ಲೇ ಇದೆ. ಬಿಲ್ಲು ಇಟ್ಟುಕೊಂಡವರಿಗೆ ಮಾತ್ರ ಇದು ದಕ್ಕುತ್ತದೆ.

ಕೆಡಿಎಂ ಎಂದು ಒತ್ತಿದ ಬಳೆಗಳು ನಮ್ಮ ಮನೆಗಳಲ್ಲಿ ರಾಶಿ ಇವೆ. ಅದು ಶುದ್ಧತೆಯ ಗುರುತಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಹಾಕಿದ್ದೇವೆ ಎಂದಷ್ಟೇ ಹೇಳುತ್ತದೆ. ಅದರ ಹೊಗೆ ಅಕ್ಕಸಾಲಿಗರ ಪುಪ್ಪುಸಕ್ಕೆ ಕೆಟ್ಟದ್ದು ಎಂದು ಬಿಐಎಸ್ ಅದನ್ನು ನಿಲ್ಲಿಸಿತು. ಬಳೆ 22 ಕ್ಯಾರೆಟ್ ಇರಬಹುದು, ಇಲ್ಲದೆಯೂ ಇರಬಹುದು. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಅಂಗಡಿಗಳಲ್ಲಿ ಒಡವೆಯನ್ನು ಒಂದು ಡಬ್ಬದಂಥ ಯಂತ್ರದೊಳಗೆ ಇಟ್ಟು ಅರ್ಧ ನಿಮಿಷದಲ್ಲಿ ‘91.4’ ಎಂದು ಹೇಳುತ್ತಾರಲ್ಲ, ಅದು ಎಕ್ಸ್‌ಆರ್‌ಎಫ್. ಎಕ್ಸ್-ರೇ ಬಿಟ್ಟು, ವಾಪಸು ಬರುವ ಕಿರಣದಿಂದ ಲೋಹ ಯಾವುದು ಎಂದು ಓದುವ ಯಂತ್ರ. ಒಡವೆಗೆ ಏನೂ ಆಗುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಹಳೇ ಒಡವೆಯನ್ನು ಆ್ಯಸಿಡ್‌ನಲ್ಲಿ ಅದ್ದಿ ಬಣ್ಣ ಬರಿಸಿದ್ದರೆ ಮೇಲ್ಮೈಯ ತಾಮ್ರ ಹೋಗಿ ಅಲ್ಲಿ ಚಿನ್ನದ ಪಾಲು ಜಾಸ್ತಿಯಾಗಿರುತ್ತದೆ. ಯಂತ್ರ ಅದನ್ನೇ ಓದುತ್ತದೆ. ಹಾಗೆಯೇ ಬೆಸುಗೆಯ ಮೇಲೆ ಕಿರಣ ಬಿದ್ದರೆ ಕಡಿಮೆ ತೋರಿಸುತ್ತದೆ. ಆದ್ದರಿಂದ ಮೂರ್ನಾಲ್ಕು ಜಾಗದಲ್ಲಿ ಓದಿಸಿ. ಕೊಂಡಿ, ಹಿಂಬದಿ, ಸವೆದ ಅಂಚು. ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಇದ್ದರೆ ನೆಮ್ಮದಿ.

ಕೊನೆಯ ಮಾತು ಯಾವತ್ತೂ ಬೆಂಕಿಯದೇ. ಫೈರ್ ಅಸ್ಸೇ ಎನ್ನುತ್ತಾರೆ. ಚೂರು ಚಿನ್ನ ಕತ್ತರಿಸಿ ತೂಗುತ್ತಾರೆ. ಬೆಳ್ಳಿ ಸೇರಿಸಿ ಸೀಸದ ಹಾಳೆಯಲ್ಲಿ ಸುತ್ತಿ, ಕ್ಯುಪೆಲ್ ಎಂಬ ಪುಟ್ಟ ಬಟ್ಟಲಲ್ಲಿಟ್ಟು ಸಾವಿರ ಡಿಗ್ರಿಗಿಂತ ಬಿಸಿಯಾದ ಕುಲುಮೆಗೆ ಹಾಕುತ್ತಾರೆ. ತಾಮ್ರ, ಸತು ಎಲ್ಲ ಸೀಸದ ಜೊತೆ ಬಟ್ಟಲೊಳಗೆ ಇಂಗಿಹೋಗುತ್ತದೆ. ಉಳಿದ ಗುಂಡನ್ನು ಚಪ್ಪಟೆ ಮಾಡಿ ನೈಟ್ರಿಕ್ ಆ್ಯಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಚಿನ್ನ ಮಾತ್ರ ನಿಲ್ಲುತ್ತದೆ. ಮತ್ತೆ ತೂಗಿ ಮೊದಲಿನ ತೂಕಕ್ಕೆ ಹೋಲಿಸುತ್ತಾರೆ. ಕರಗಿಸುವುದೇ ಸೈ ಎಂದು ತೀರ್ಮಾನವಾದ ಒಡವೆಗೆ ಇದು ಒಳ್ಳೆಯದು. ಉಳಿಸಿಕೊಳ್ಳುವ ಬೋರಮಾಳದ ಗುಂಡು ಕತ್ತರಿಸುವ ಕೆಲಸಕ್ಕೆ ಹೋಗಬೇಡಿ.

ಕಾಸಿನ ಸರ, ಪವನಿನ ಸರ ಇರುವವರಿಗೆ ಒಂದು ಮಾತು. ಕಾಸುಗಳು ಅಕ್ಕಸಾಲಿಗ ಒತ್ತಿದ ತೆಳು ಬಿಲ್ಲೆಗಳೋ, ನಿಜವಾದ ಬ್ರಿಟಿಷ್ ಸವರಿನ್‌ಗಳೋ ನೋಡಿಸಿ. ಸವರಿನ್ 22 ಕ್ಯಾರೆಟ್, ತೂಕ 7.988 ಗ್ರಾಂ. ಅದನ್ನು ನಾಣ್ಯವಾಗಿಯೂ ಕೊಳ್ಳುವವರಿದ್ದಾರೆ. ಅದರಲ್ಲೂ 1918ರದ್ದು ಸಿಕ್ಕಿದರೆ ಕುದುರೆ ಏರಿದ ಸೇಂಟ್ ಜಾರ್ಜ್ ಇರುವ ಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಪುಟ್ಟ ‘ಐ’ ಅಕ್ಷರ ಇದ್ದರೆ ಅದು ನಮ್ಮ ಮುಂಬೈ ಟಂಕಸಾಲೆಯಲ್ಲೇ ಒತ್ತಿದ್ದು. ಆ ಒಂದೇ ವರ್ಷ ಇಲ್ಲಿ ಸವರಿನ್ ಮಾಡಿದ್ದು. ಹಾಗಿರುವ ಸರವನ್ನು ಬರೀ ತೂಕಕ್ಕೆ ಕೊಡುವುದು ಹೊಟ್ಟೆ ಉರಿಯುವ ಸಂಗತಿ. ಕೊಳಕಾಗಿದೆ ಎಂದು ಪಾಲಿಶ್ ಹಾಕಿಸಬೇಡಿ, ನಾಣ್ಯದ ಬೆಲೆ ಅಲ್ಲೇ ಹೋಗುತ್ತದೆ.

ಕಲ್ಲಿನ ವಿಚಾರ

ಚಿನ್ನಕ್ಕೆ ದಿನಾ ದರ ಬರುತ್ತದೆ. ಕಲ್ಲಿಗೆ ಹಾಗಿಲ್ಲ. ನಿಜವಾದ ವ್ಯಾಲ್ಯುಯರ್ ಯಾರು ಎಂದು ಗೊತ್ತಾಗುವುದೇ ಇಲ್ಲಿ.

ಡೊಂಬಿವಿಲಿಯಲ್ಲಿರುವ ನನ್ನ ಸೋದರತ್ತೆ ಹಾಸನದ ಕಡೆಯವರು. ಅವರ ಏಳು ಕಲ್ಲಿನ ಬೆಂಡೋಲೆಯನ್ನು ವ್ಯಾಲ್ಯುಯರ್ ನೋಡುವಾಗ ಪಕ್ಕದಲ್ಲಿದ್ದೆ. ‘ಬ್ಲೂ ಜಾಗರ್ ಕಣಪ್ಪ, ಇಂಥದ್ದು ಈಗ ಎಲ್ಲಿ ಸಿಗುತ್ತೆ’ ಎಂದು ಅತ್ತೆ ಮೊದಲೇ ಹೇಳಿಬಿಟ್ಟರು. ಆತ ನಕ್ಕು, ಓಲೆಯನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಕಣ್ಣಿಗೆ ಹಿಡಿದರು. ಬಲ ಓಲೆ ಮುಗಿಯಿತು. ಎಡ ಓಲೆಯನ್ನು ತಿರುಗಿಸುತ್ತಾ ಒಂದು ಕಡೆ ನಿಂತರು. ‘ಇದೊಂದು ಆಮೇಲೆ ಕೂರಿಸಿದ್ದು’ ಎಂದರು. ನನಗೂ ತೋರಿಸಿದರು. ಹಳೇ ಕಲ್ಲುಗಳನ್ನು ಮೇಲಿನಿಂದ ನೋಡಿದರೆ ನಟ್ಟನಡುವೆ ಒಂದು ಪುಟ್ಟ ವೃತ್ತ ಕಾಣುತ್ತಿತ್ತು. ಹಿಂದಿನ ಕಾಲದ ಕಟಿಂಗ್‌ನಲ್ಲಿ ಕಲ್ಲಿನ ಬುಡವನ್ನು ಚೂಪು ಮಾಡದೆ ಚಪ್ಪಟೆಯಾಗಿ ಬಿಡುತ್ತಿದ್ದರು, ಅದೇ ಆ ವೃತ್ತ. ಈ ಒಂದು ಕಲ್ಲಿನಲ್ಲಿ ವೃತ್ತ ಇರಲಿಲ್ಲ. ಬುಡ ಚೂಪು, ಮುಖಗಳು ಅಳೆದಿಟ್ಟಂತೆ ಸಮ. ಈಗಿನ ಕಟಿಂಗ್. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ‘ಹೌದು, ಕಲ್ಲು ಉದುರಿತ್ತು, ಕಟ್ಟಿಸಿದ್ವಿ’ ಎಂದರು.

ಆಮೇಲೆ ಕೋಣೆ ಕತ್ತಲು ಮಾಡಿ ಯುವಿ ದೀಪ ಹಾಕಿದರು. ಹಳೇ ಕಲ್ಲುಗಳಲ್ಲಿ ಕೆಲವು ನೀಲಿಯಾಗಿ ಹೊಳೆದವು, ಕೆಲವು ಸುಮ್ಮನಿದ್ದವು. ಜಾಗರ್ ಎಂಬ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ. ಅಲ್ಲಿಯ ನೀಲಿ ಛಾಯೆಯ ಬಿಳಿ ಕಲ್ಲಿಗೆ ನಮ್ಮ ಕಡೆ ತುಂಬಾ ಬೆಲೆ ಇತ್ತು. ಹೀಗೆ ನೀಲಿ ಹೊಳೆಯುವ ಗುಣವೇ ಆ ಛಾಯೆಗೆ ಕಾರಣ. ತಮಾಷೆ ಎಂದರೆ ಇವತ್ತಿನ ವ್ಯಾಪಾರದಲ್ಲಿ, ಒಳ್ಳೆಯ ಬಿಳಿ ಬಣ್ಣದ ಕಲ್ಲಿಗೆ ಈ ಹೊಳಪು ಜೋರಾಗಿದ್ದರೆ ಬೆಲೆ ಕಡಿಮೆ ಮಾಡುತ್ತಾರೆ. ಅತ್ತೆಗೆ ಅದನ್ನು ಹೇಳಲು ನಾನು ಹೋಗಲಿಲ್ಲ, ವ್ಯಾಲ್ಯುಯರೂ ಹೋಗಲಿಲ್ಲ. ರಿಪೋರ್ಟಿನಲ್ಲಿ ಬರೆದರು.

ಕೂರಿಸಿದ ಕಲ್ಲಿನ ತೂಕ ಯಾವಾಗಲೂ ಅಂದಾಜು. ಅಗಲ, ಎತ್ತರ ಅಳೆದು ಸೂತ್ರ ಹಾಕುತ್ತಾರೆ. ಈಗಿನ ಕಟಿಂಗಿನ ದುಂಡು ವಜ್ರ ಅಗಲ 6.5 ಮಿಲಿಮೀಟರ್ ಇದ್ದರೆ ಸುಮಾರು ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ಚಿನ್ನದ ಕ್ಯಾರೆಟ್ ಶುದ್ಧತೆ ಹೇಳುತ್ತದೆ, ಕಲ್ಲಿನ ಕ್ಯಾರೆಟ್ ತೂಕ ಹೇಳುತ್ತದೆ, ಎರಡನ್ನೂ ಬೆರೆಸಬೇಡಿ. ನಮ್ಮ ಬೆಂಡೋಲೆಯ ಹಿಂಬದಿ ಮುಚ್ಚಿರುತ್ತದೆ. ಎತ್ತರ ಅಳೆಯಲು ಬರುವುದಿಲ್ಲ. ಬಣ್ಣವೂ ಚಿನ್ನದ ನೆರಳಿನಿಂದ ಹಳದಿಯಾಗಿ ಕಾಣುತ್ತದೆ. ಹಾಗಾಗಿ ಒಳ್ಳೆಯ ರಿಪೋರ್ಟಿನಲ್ಲಿ ‘ಕೂರಿಸಿದ ಸ್ಥಿತಿಯಲ್ಲಿ ಅಂದಾಜು’ ಎಂದು ಬರೆದಿರುತ್ತಾರೆ. ಹೀಗೆ ಹಿಂಬದಿ ಮುಚ್ಚಿದ ಕಲ್ಲಿಗೆ ಯಾರಾದರೂ ಒಂದೇ ಒಂದು ಬಣ್ಣದ ದರ್ಜೆ, ಒಂದೇ ಒಂದು ಶುದ್ಧತೆಯ ದರ್ಜೆ ಖಡಾಖಂಡಿತ ಬರೆದುಕೊಟ್ಟರೆ ನನಗೆ ಅನುಮಾನ ಬರುತ್ತದೆ.

ಪೆನ್ನಿನಂಥ ಡೈಮಂಡ್ ಟೆಸ್ಟರ್ ಮುಟ್ಟಿಸಿ ‘ಪೀಂ’ ಎಂದರೆ ವಜ್ರ ಎನ್ನುತ್ತಾರಲ್ಲ, ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಎಂದು ಮಾತ್ರ ನೋಡುತ್ತದೆ. ವಜ್ರದಂತೆ ಕಾಣುವ ಮಾಯ್ಸನೈಟ್ ಎಂಬ ಬೇರೆ ಕಲ್ಲು ಇಟ್ಟರೂ ಕೂಗಬಹುದು. ಲ್ಯಾಬಿನಲ್ಲಿ ಬೆಳೆಸಿದ ವಜ್ರ ಇಟ್ಟರಂತೂ ಕೂಗಲೇಬೇಕು, ಅದೂ ವಜ್ರವೇ ತಾನೆ. ಸಿವಿಡಿ, ಎಚ್‌ಪಿಎಚ್‌ಟಿ ವಿಧಾನದಲ್ಲಿ ಬೆಳೆಸಿದ್ದನ್ನು ಗುರುತಿಸಲು ಲ್ಯಾಬಿನ ದೊಡ್ಡ ಯಂತ್ರಗಳೇ ಬೇಕು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಜ್ಜಿಯ ಕಾಲದ ಓಲೆಗೆ ಈ ಭಯ ಇಲ್ಲ, ಆದರೆ ಇತ್ತೀಚೆಗೆ ಕಲ್ಲು ಬದಲಾಯಿಸಿದ್ದರೆ ಇದೆ.

ಕೆಂಪು ಕಲ್ಲಿನ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಕೃತಕ ಮಾಣಿಕ್ಯ ಮಾಡುವ ವಿಧಾನ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಬಂತು. ನಮ್ಮ ಅಜ್ಜಿಯರ ಜಡೆಬಿಲ್ಲೆ, ಅಡ್ಡಿಕೆಗಳಲ್ಲಿ ಇರುವುದು ಅದಾಗಿರಬಹುದು, ಹಿಂದೆ ಬಣ್ಣದ ಹಾಳೆ ಇಟ್ಟ ಗಾಜೂ ಆಗಿರಬಹುದು. ಸೂಕ್ಷ್ಮದರ್ಶಕದಲ್ಲಿ ಬಾಗಿದ ಗೆರೆಗಳು ಕಂಡರೆ ಕೃತಕ ಎಂದು ಗೊತ್ತಾಗುತ್ತದೆ. ಹಳೇದು ಎಂದ ಮಾತ್ರಕ್ಕೆ ಅಸಲಿ ಎಂದಲ್ಲ.

ಮುತ್ತಿನದು ತಿರುವು ಮುರುವು. ಕಪ್ಪಾಗಿದೆ, ಹೊಳಪಿಲ್ಲ ಎಂದು ಮೂಲೆಗೆ ಹಾಕಿದ ನತ್ತಿನಲ್ಲಿ ಪರ್ಷಿಯನ್ ಕೊಲ್ಲಿಯ ಸಹಜ ಮುತ್ತು ಇರಬಹುದು. ಇಲ್ಲಿಯವರು ಅದನ್ನು ಬಸ್ರಾ ಮುತ್ತು ಎನ್ನುತ್ತಾರೆ. ಒಂದು ಕಾಲದಲ್ಲಿ ಆ ಮುತ್ತುಗಳ ದೊಡ್ಡ ಪೇಟೆ ಮುಂಬೈ. ಚಿಪ್ಪಿನಲ್ಲಿ ಬೇಕೆಂದೇ ಬೆಳೆಸಿದ ಕೃಷಿ ಮುತ್ತಿಗೂ ಸಹಜ ಮುತ್ತಿಗೂ ಕಣ್ಣಿನಿಂದ ವ್ಯತ್ಯಾಸ ಹೇಳುವುದು ಕಷ್ಟ, ಎಕ್ಸ್-ರೇ ತೆಗೆದು ಒಳಗಿನ ಪದರ ನೋಡಬೇಕು. ಲ್ಯಾಬಿಗೆ ಕೊಡುವ ಖರ್ಚು ಯಾವುದಕ್ಕೆ ದಂಡ ಅಲ್ಲ ಎಂದು ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಮುತ್ತು, ಪಚ್ಚೆ ಇರುವ ಒಡವೆಯನ್ನು ‘ಚೊಕ್ಕ ಮಾಡಿ ತೋರಿಸೋಣ’ ಎಂದು ಅಲ್ಟ್ರಾಸಾನಿಕ್ ಯಂತ್ರಕ್ಕೆ ಮಾತ್ರ ಹಾಕಿಸಬೇಡಿ. ಪಚ್ಚೆಯ ಬಿರುಕಿನಲ್ಲಿ ತುಂಬಿದ ಎಣ್ಣೆ ಹೊರಟುಹೋಗುತ್ತದೆ, ಮುತ್ತು ಹಾಳಾಗುತ್ತದೆ.

ರಿಪೋರ್ಟಿನಲ್ಲಿ ಏನಿರಬೇಕು?

‘ಒಂದು ಚಿನ್ನದ ಸರ, ಕಲ್ಲಿನದು, ಬೆಲೆ 4 ಲಕ್ಷ’ ಎಂಬ ಒಂದು ಸಾಲಿನ ಚೀಟಿಗೆ ಬೆಲೆ ಇಲ್ಲ. ಯಾವ ಉದ್ದೇಶಕ್ಕೆ ಕಟ್ಟಿದ ಬೆಲೆ, ಯಾವ ದಿನದ ದರ, ದರ ಎಲ್ಲಿಂದ ತೆಗೆದುಕೊಂಡದ್ದು ಎಂದು ಮೇಲೆಯೇ ಇರಬೇಕು. ಪ್ರತಿ ಒಡವೆಗೂ ಒಟ್ಟು ತೂಕ, ಕಲ್ಲು-ಅರಗಿನ ತೂಕ, ನಿವ್ವಳ ತೂಕ ಬೇರೆ ಬೇರೆಯಾಗಿ ಬರಬೇಕು. ಶುದ್ಧತೆ ಹೇಗೆ ಕಂಡುಕೊಂಡರು ಎಂಬುದೂ ಬೇಕು: ಹಾಲ್‌ಮಾರ್ಕ್ ನೋಡಿಯೋ, ಯಂತ್ರದಿಂದಲೋ, ಒರೆಗಲ್ಲಿಗೆ ಉಜ್ಜಿಯೋ. ಕಲ್ಲಿಗೆ ಅಳತೆ, ಅಂದಾಜು ತೂಕ, ಸಹಜವೋ ಕೃತಕವೋ. ಜೊತೆಗೆ ಎರಡೂ ಬದಿಯ ಫೋಟೋ, ಸಹಿ, ನೋಂದಣಿ ಸಂಖ್ಯೆ. ತೂಕ ಹಾಕುವಾಗ ಎದುರೇ ಕೂತಿರಿ. ಒಳಗೆ ತೆಗೆದುಕೊಂಡು ಹೋಗುತ್ತೇವೆ ಎಂದರೆ ಬೇಡ ಎನ್ನಿ. ಲ್ಯಾಬಿಗೆ ಬಿಟ್ಟು ಬರಲೇಬೇಕಾದರೆ ತೂಕ ಮತ್ತು ಕಲ್ಲಿನ ಎಣಿಕೆ ಬರೆದ ರಸೀದಿ ಇಲ್ಲದೆ ಜಾಗ ಬಿಡಬೇಡಿ.

ತೆರಿಗೆಗೆ ಬೇಕಾದ ರಿಪೋರ್ಟಿಗೆ ಇನ್ನೊಂದು ದಿನಾಂಕವೂ ಬೇಕು. 2001ರ ಏಪ್ರಿಲ್ 1ಕ್ಕಿಂತ ಮೊದಲು ಮನೆಗೆ ಬಂದ ಒಡವೆಯನ್ನು ಮಾರಿದರೆ, ಅದರ ಮೂಲ ಬೆಲೆಯಾಗಿ ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅಮ್ಮನಿಂದ ಬಂದದ್ದಾದರೆ ಅಮ್ಮ ಕೊಂಡ ಕಾಲವೇ ಲೆಕ್ಕಕ್ಕೆ. 2001ರಲ್ಲಿ ಹತ್ತು ಗ್ರಾಂ ಚಿನ್ನ ಐದು ಸಾವಿರವನ್ನೂ ಮುಟ್ಟಿರಲಿಲ್ಲ. ಆದರೂ ಕಾಗದ ಇಲ್ಲದಿದ್ದರೆ ಅಷ್ಟನ್ನೂ ತೋರಿಸಲಾಗದು. 2024ರ ಜುಲೈ 23ರಿಂದ, ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದ ಚಿನ್ನದ ಲಾಭಕ್ಕೆ ಶೇ. 12.5 ತೆರಿಗೆ, ಹಣದುಬ್ಬರಕ್ಕೆ ತಕ್ಕಂತೆ ಮೂಲ ಬೆಲೆ ಏರಿಸಿಕೊಳ್ಳುವ ಇಂಡೆಕ್ಸೇಶನ್ ಇಲ್ಲ. ಹಾಗಾಗಿ ಒಂದೇ ರಿಪೋರ್ಟಿನಲ್ಲಿ 2001ರ ಬೆಲೆ ಮತ್ತು ಇವತ್ತಿನ ಬೆಲೆ ಎರಡನ್ನೂ ಬರೆಸಿಕೊಂಡು ಸಿಎ ಹತ್ತಿರ ಹೋಗಿ. ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಎಂದು ವಾಟ್ಸಾಪಿನಲ್ಲಿ ಓಡಾಡುವ ಲೆಕ್ಕ ಇದೆಯಲ್ಲ, ಅದು ತೆರಿಗೆಯವರು ದಾಳಿ ಮಾಡಿದಾಗ ಅಷ್ಟನ್ನು ಜಪ್ತಿ ಮಾಡಬೇಡಿ ಎಂದು 1994ರಲ್ಲಿ ಅಧಿಕಾರಿಗಳಿಗೆ ಕೊಟ್ಟ ಸೂಚನೆ. ಇಟ್ಟುಕೊಳ್ಳುವ ಮಿತಿ ಅಲ್ಲ.

ಲಾಕರಿನಲ್ಲಿದೆ, ಇನ್ಶೂರೆನ್ಸ್ ಯಾಕೆ ಎನ್ನುವವರು ಬ್ಯಾಂಕಿನ ಒಪ್ಪಂದ ಒಮ್ಮೆ ಓದಿ. ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸದಿಂದ ಹೋದರೆ ಬ್ಯಾಂಕಿನ ಹೊಣೆ ಒಂದು ವರ್ಷದ ಬಾಡಿಗೆಯ ನೂರು ಪಟ್ಟು, ಅಷ್ಟೇ. ಮೂರು ಸಾವಿರ ಬಾಡಿಗೆಯಾದರೆ ಮೂರು ಲಕ್ಷ. ಒಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇನ್ಶೂರೆನ್ಸ್ ಪಾಲಿಸಿ ತೆಗೆದುಕೊಳ್ಳುವಾಗ ರಿಪೋರ್ಟ್ ಕೊಟ್ಟು, ಒಡವೆಗಳ ಪಟ್ಟಿ ಪಾಲಿಸಿಗೆ ಸೇರಿದೆಯೇ, ಮೈಮೇಲೆ ಹಾಕಿಕೊಂಡು ಹೊರಗೆ ಹೋದಾಗಲೂ ಅನ್ವಯಿಸುತ್ತದೆಯೇ ಎಂದು ಕೇಳಿ.

ಚಿನ್ನದ ದರ ಏರಿದಾಗೆಲ್ಲ ಹೊಸ ರಿಪೋರ್ಟಿಗೆ ಓಡಬೇಕಾಗಿಲ್ಲ. ನಿವ್ವಳ ತೂಕ, ಶುದ್ಧತೆ ಬದಲಾಗುವುದಿಲ್ಲ, ಅಂದಿನ ದರದಿಂದ ಗುಣಿಸಿದರೆ ಆಯಿತು. ಪಾಲಿಸಿ ನವೀಕರಿಸುವಾಗ ಕಂಪನಿಗೆ ಹೊಸ ಮೊತ್ತ ತಿಳಿಸಿದರೆ ಸಾಕೋ, ಸಹಿ ಇರುವ ಹೊಸ ಪತ್ರವೇ ಬೇಕೋ ಕೇಳಿಕೊಳ್ಳಿ. ವಜ್ರದ ಒಡವೆಯಾದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮತ್ತೆ ನೋಡಿಸುವುದು ಒಳ್ಳೆಯದು. ಲ್ಯಾಬ್ ವಜ್ರ ಬಂದ ಮೇಲೆ ಸಾಧಾರಣ ಕಲ್ಲಿನ ಬೆಲೆ ಇಳಿದಿದೆ, ಹಳೇ ರಿಪೋರ್ಟಿನ ಮೊತ್ತಕ್ಕೆ ಸುಮ್ನೆ ಜಾಸ್ತಿ ಪ್ರೀಮಿಯಂ ಕಟ್ಟುತ್ತಿರಬಹುದು. ರಿಪೋರ್ಟಿನ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಮೇಲ್‌ನಲ್ಲಿರಲಿ. ಅದನ್ನೂ ಒಡವೆಯ ಜೊತೆ ಅದೇ ಲಾಕರಿನಲ್ಲಿ ಇಟ್ಟವರನ್ನು ನಾನು ನೋಡಿದ್ದೇನೆ.